ಮುಚ್ಚಳಿಕೆ ಬರೆದ ಮೇಲೆ

ನಮ್ಮ ಅಪ್ಪ ತನ್ನ ಆಯುಷ್ಯದಲ್ಲಿ ಸಹಿ ಮಾಡಿದ ಕಾಗದಗಳು ಬಹಳಿಲ್ಲ. ಸೊಸೈಟಿಯ ಬೆಳೆಸಾಲದ ಕಾಗದ, ಹೊಲದ ವಾಟ್ನಿ ಪತ್ರ, ಅಕ್ಕನ ಮದುವೆಗೆ ತಂದ ಕೈಗಡದ ಚೀಟಿ, ಆಮೇಲೆ ನನ್ನ ಮುಚ್ಚಳಿಕೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಅಪ್ಪ ಅಕ್ಷರಕ್ಕೆ ಅಕ್ಷರ ಪೋಣಿಸಿ ಹೆಸರು ಬರೆಯುವಾಗ ಅವನ ಹೆಬ್ಬೆರಳು ನಡುಗುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ನಾನಿದ್ದ ಹಾಸ್ಟೆಲಿನ ಹೆಸರು ಇಲ್ಲಿ ಬೇಡ. ನಮ್ಮೂರು ಮೋರಟಗಿಯಿಂದ ದೂರ ಇತ್ತು, ವಿಶ್ವವಿದ್ಯಾಲಯಕ್ಕೆ ಹತ್ತಿರ ಇತ್ತು. ಹದಿನೈದು ದಿನದಿಂದ ಬೇಳೆಯಲ್ಲಿ ಹುಳ ತೇಲುತ್ತಿದ್ದವು. ಒಂದು ರಾತ್ರಿ ನಲವತ್ತು ಹುಡುಗರು ತಾಟು ಬೋರಲು ಹಾಕಿ ಎದ್ದೆವು. ಅರ್ಜಿ ಬರೆಯೋಣ ಎಂದಾಗ, ಅಕ್ಷರ ದುಂಡಗಿದೆ ಎಂದು ಪೆನ್ನು ನನ್ನ ಕೈಗೆ ಬಂತು. ಬರೆದವನದೇ ಮೊದಲ ಸಹಿ. ಮರುದಿನ ಸಂಜೆ ಊರಿನ ಕಿರಾಣಿ ಅಂಗಡಿಗೆ ಫೋನು ಹೋಯಿತು: ‘ನಿಮ್ಮ ಮಗ ಲೀಡರ್ ಆಗ್ಯಾನ್ರೀ, ಬಂದು ಕರಕೊಂಡು ಹೋಗ್ರಿ.’

ತೊಗರಿ ರಾಶಿ ಅರ್ಧಕ್ಕೆ ಬಿಟ್ಟು ಅಪ್ಪ ಬಂದ. ವಾರ್ಡನ್ನರ ಮೇಜಿನ ಮುಂದೆ ಹೆಗಲ ಮೇಲಿನ ಟವೆಲು ಕೈಗೆ ತೆಗೆದುಕೊಂಡು ನಿಂತ. ಯಾರೂ ಅವನಿಗೆ ಕುರ್ಚಿ ತೋರಿಸಲಿಲ್ಲ. ‘ಸಣ್ಣ ಹುಡುಗ ಐತ್ರಿ ಸಾಹೇಬ್ರ, ತಪ್ಪಾಗೇತಿ’ ಎಂದ. ಇನ್ನು ಮುಂದೆ ಯಾವ ಸಂಘಟನೆ, ಸಹಿ ಸಂಗ್ರಹ, ಹೋರಾಟದಲ್ಲಿ ಭಾಗವಹಿಸುವುದಿಲ್ಲ ಎಂಬ ಒಕ್ಕಣೆ ಮೊದಲೇ ಟೈಪಾಗಿತ್ತು. ನಾನು ಸಹಿ ಮಾಡಿದೆ, ಅಪ್ಪ ಮಾಡಿದ.

ವಾಪಸು ಹೋಗುವ ಬಸ್ಸಿಗೆ ಕಾಯುತ್ತ ಸ್ಟ್ಯಾಂಡಿನಲ್ಲಿ ಕೂತಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: ‘ಬ್ಯಾಳ್ಯಾಗ ಹುಳಾ ಇದ್ದದ್ದು ಖರೇ ಏನು?’

‘ಖರೇನ ಅಪ್ಪಾ.’

ಅವನು ತೊಗರಿ ಬೆಳೆಯುವ ಮನುಷ್ಯ. ಹುಳ ಬಿದ್ದ ಬೇಳೆ ಎಂದರೆ ಏನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಹಂಗಾದ್ರ ನಾ ಯಾಕ ತಪ್ಪಾಗೇತಿ ಅಂದೆ?’ ಎಂದ. ನನ್ನನ್ನು ಕೇಳಿದ್ದಲ್ಲ, ತನ್ನನ್ನೇ ಕೇಳಿಕೊಂಡ.

ಅವತ್ತಿನ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಮಾತಾಡಬೇಕೋ ಬಾರದೋ ಎಂಬ ಚರ್ಚೆ ಟೀವಿಯಲ್ಲಿ ಬಂದಾಗೆಲ್ಲ ದೆಹಲಿಯ ಹೆಸರು, ಹೈದರಾಬಾದಿನ ಹೆಸರು ಕೇಳುತ್ತೇವೆ. ಅದು ದೂರದ ಮಾತು, ದೊಡ್ಡವರ ಮಾತು ಎಂದುಕೊಳ್ಳುತ್ತೇವೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಮನೆಗಳಿಂದ ಟ್ರಂಕು ಹೊತ್ತು ಹಾಸ್ಟೆಲಿಗೆ ಹೋಗುವ ಮಕ್ಕಳ ಪಾಲಿಗೆ ಮಾತಿನ ಹಕ್ಕು ಎಂದರೆ ಮೊದಲು ಬೇಳೆಯಲ್ಲಿನ ಹುಳ, ಆರು ತಿಂಗಳಿಂದ ಬಾರದ ಸ್ಕಾಲರ್‌ಶಿಪ್ಪು, ನಿಲ್ಲಿಸದೆ ಹೋಗುವ ಬಸ್ಸು, ತಡವಾದ ಫಲಿತಾಂಶ. ಅದನ್ನು ಕೇಳಲು ಬಿಡದವರು ಮುಂದೆ ದೇಶದ ಪ್ರಶ್ನೆ ಕೇಳಲು ಬಿಡುತ್ತಾರೆಯೇ?

ಮೋರಟಗಿ ಇರುವುದು ಸಿಂದಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ. ಪದವಿ ಓದುವ ಹುಡುಗ ಹುಡುಗಿಯರು ಸಿಂದಗಿಗೋ ವಿಜಯಪುರಕ್ಕೋ ಕಲಬುರಗಿಗೋ ಹೋಗಬೇಕು. ಬೆಳಗಿನ ಬಸ್ಸು ಹಿಂದಿನ ಊರುಗಳಲ್ಲೇ ತುಂಬಿ ಬರುತ್ತದೆ. ಪಾಸಿನ ಮಕ್ಕಳನ್ನು ಕಂಡರೆ ಡ್ರೈವರ್ ಮುಂದೆ ಹೋಗಿ ನಿಲ್ಲಿಸುತ್ತಾನೆ, ಇಲ್ಲವೇ ನಿಲ್ಲಿಸುವುದೇ ಇಲ್ಲ. ಮಕ್ಕಳು ಒಂದು ದಿನ ನೋಡುತ್ತಾರೆ, ಎರಡು ದಿನ ನೋಡುತ್ತಾರೆ, ಮೂರನೇ ದಿನ ಚೀಲ ರಸ್ತೆಗಿಟ್ಟು ಕೂಡುತ್ತಾರೆ. ಅರ್ಧ ತಾಸಿನಲ್ಲಿ ಪೊಲೀಸರು ಬರುತ್ತಾರೆ, ಡಿಪೊದವರು ಫೋನಿನಲ್ಲೇ ಭರವಸೆ ಕೊಡುತ್ತಾರೆ. ಒಂದು ವಾರವಾದರೂ ಬಸ್ಸು ನಿಲ್ಲುತ್ತದೆ. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಇದು ವರ್ಷವರ್ಷದ ಮಾತು. ಚಹಾದಂಗಡಿಯ ಹಿರಿಯರು ‘ಓದೋ ಹುಡುಗ್ರಿಗೆ ಇದೆಲ್ಲ ಯಾಕ ಬೇಕು’ ಎನ್ನುತ್ತಾರೆ. ಕೂತದ್ದೇ ಓದಲು ಹೋಗುವುದಕ್ಕಾಗಿ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ನಮ್ಮ ತಾಲ್ಲೂಕಿನ ಮಾಸ್ತರರು

ಮುಚ್ಚಳಿಕೆಯ ಮಾತು ಬಂದಾಗ ಸಿಂದಗಿ ತಾಲ್ಲೂಕಿನವರು ಒಬ್ಬರನ್ನು ನೆನೆಯಲೇಬೇಕು. ಡಾ. ಎಂ.ಎಂ. ಕಲಬುರ್ಗಿಯವರು ಹುಟ್ಟಿದ್ದು ಇದೇ ತಾಲ್ಲೂಕಿನ ಗುಬ್ಬೇವಾಡದಲ್ಲಿ, 1938ರ ನವೆಂಬರ್ 28ರಂದು. ಯರಗಲ್ಲ, ಸಿಂದಗಿ, ವಿಜಯಪುರದಲ್ಲಿ ಓದಿ, 1962ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಎಂಎ ಮಾಡಿದರು. ಅಲ್ಲೇ ಪ್ರಾಧ್ಯಾಪಕರಾದರು. 1998ರಿಂದ 2001ರವರೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಅವರ ಸಂಶೋಧನಾ ಲೇಖನಗಳ ಸಂಕಲನ ‘ಮಾರ್ಗ’ದ ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಕ್ಕಲು ಮನೆತನದ ಹಳ್ಳಿಗಳಿಂದ ಒಬ್ಬ ಹುಡುಗ ಶಾಸನ, ಹಸ್ತಪ್ರತಿ, ವಚನಗಳ ಆಳಕ್ಕೆ ಇಳಿದು ಅಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ಮಾಸ್ತರರು ಶಾಲೆಯಲ್ಲಿ ಕೊಡುತ್ತಿದ್ದ ಉದಾಹರಣೆ ಅವರೇ.

ಅದೇ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬಸವಣ್ಣನವರ ಮನೆತನದ ಕುರಿತು ಅವರು ಬರೆದ ಸಂಶೋಧನೆಯ ಮಾತುಗಳು ಕೆಲವರಿಗೆ ಸಿಟ್ಟು ತರಿಸಿದವು. ಜೀವ ಬೆದರಿಕೆಗಳು ಬಂದವು. 1989ರಲ್ಲಿ ಅವರು ಆ ಬರಹಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅಂದು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದ ಮಾತನ್ನು ಅವರು ಮುಂದೆ ಆಡಿದರು.

ದಾಖಲೆಗಳ ಜೊತೆ ಬಂದ ಮಾತನ್ನು ದಾಖಲೆಗಳಿಂದ ಖಂಡಿಸಬಹುದಿತ್ತು. ವಿದ್ವಾಂಸರು ಕೂತು ಜಗಳಾಡಬಹುದಿತ್ತು, ಮತ್ತೊಂದು ಪುಸ್ತಕ ಬರೆದು ಅವರ ಊಹೆ ತಪ್ಪೆಂದು ತೋರಿಸಬಹುದಿತ್ತು. ವಿಶ್ವವಿದ್ಯಾಲಯ ಇರುವುದೇ ಅದಕ್ಕೆ. ಅಂಥ ಪ್ರಾಧ್ಯಾಪಕರಿಂದಲೇ ಮುಚ್ಚಳಿಕೆ ಬರೆಸಿಕೊಂಡರೆ ಅವರ ಎದುರು ಬೆಂಚಿನಲ್ಲಿ ಕೂತ ಹುಡುಗ ಏನು ಕಲಿಯುತ್ತಾನೆ? ಯಾವ ಪ್ರಶ್ನೆ ಕೇಳಬಾರದು ಎಂಬುದನ್ನು ಕಲಿಯುತ್ತಾನೆ. ಆ ಪಾಠಕ್ಕೆ ಸಿಲೆಬಸ್ ಬೇಕಾಗುವುದಿಲ್ಲ.

2015ರ ಆಗಸ್ಟ್ 30, ರವಿವಾರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದ ಮನೆಯ ಬಾಗಿಲಲ್ಲೇ ಕಲಬುರ್ಗಿಯವರಿಗೆ ಗುಂಡಿಟ್ಟರು. ಬಂದವರು ಶಿಷ್ಯರೆಂದು ಹೇಳಿಕೊಂಡಿದ್ದರು ಎಂದು ಅವತ್ತಿನ ವರದಿಗಳಲ್ಲಿ ಬಂತು. ಅದನ್ನು ಓದಿದಾಗ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅಲ್ಲಿ. ಶಿಷ್ಯ ಎಂದರೆ ಬಾಗಿಲು ತೆರೆಯುವ ಮನೆ ಅದು. ಮುಂದೆ 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಕೊಲೆಗಳಿಗೆ ಒಂದೇ ಪಿಸ್ತೂಲು ಬಳಕೆಯಾಗಿತ್ತು ಎಂದು ತನಿಖೆ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ಗೌರಿ ಪ್ರಕರಣದ ತನಿಖಾ ತಂಡಕ್ಕೇ ಒಪ್ಪಿಸಿತು.

1989

ಕಲಬುರ್ಗಿಯವರು ಬರಹ ಹಿಂದಕ್ಕೆ ಪಡೆದ ಆ ವರ್ಷದಲ್ಲಿ ಇನ್ನೂ ಒಂದು ನಡೆದಿದೆ. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟು ತುಂಬಿದವರು ದೇಶದ ಸರ್ಕಾರವನ್ನೇ ಆರಿಸಬಲ್ಲರು ಎಂದು ದೇಶ ನಂಬಿತು. ಅದೇ ಹೊತ್ತಿಗೆ, 1989–90ರಲ್ಲಿ, ಕರ್ನಾಟಕದಲ್ಲಿ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತಿತು. ಹೊಡೆದಾಟಗಳಾಗುತ್ತಿದ್ದವು, ಜಾತಿಯ ಗುಂಪುಗಳು, ಹೊರಗಿನ ಪುಂಡರು ಕಾಲೇಜಿನೊಳಗೆ ಬರುತ್ತಿದ್ದರು ಎಂಬುದು ಕಾರಣ. ಕಾರಣ ಸುಳ್ಳಲ್ಲ, ಆ ಕಾಲದಲ್ಲಿ ಓದಿದವರನ್ನು ಕೇಳಿದರೆ ಸೈಕಲ್ ಚೈನಿನ ಕತೆಗಳನ್ನು ಹೇಳುತ್ತಾರೆ. ಆದರೆ ಪಂಚಾಯಿತಿ ಚುನಾವಣೆಯಲ್ಲಿ ಹೊಡೆದಾಟ ಆಗುವುದಿಲ್ಲವೇ? ಅದಕ್ಕೆಂದು ಪಂಚಾಯಿತಿ ಮುಚ್ಚಿದ್ದೇವೆಯೇ? ಪೊಲೀಸರನ್ನು ಹಾಕಿ ಮತಪೆಟ್ಟಿಗೆ ಇಡುತ್ತೇವೆ.

ಇಂದಿನ ಲೆಕ್ಕ ನೋಡಿ. ನಮ್ಮೂರಿನ 21 ವರ್ಷದ ಹುಡುಗಿ ಗ್ರಾಮ ಪಂಚಾಯಿತಿಗೆ ನಿಂತು ಗೆಲ್ಲಬಹುದು, ಅಧ್ಯಕ್ಷೆಯಾಗಿ ಚೆಕ್ಕಿಗೆ ಸಹಿ ಹಾಕಬಹುದು. ಅದೇ ಹುಡುಗಿ ಎಂಎ ಸೇರಿದರೆ ತನ್ನ ವಿಭಾಗದ ಪ್ರತಿನಿಧಿಯನ್ನು ಮತ ಹಾಕಿ ಆರಿಸುವಂತಿಲ್ಲ. ಹೆಚ್ಚು ಅಂಕ ಪಡೆದವರನ್ನೋ, ಮೇಷ್ಟ್ರಿಗೆ ಬೇಕಾದವರನ್ನೋ ಕರೆದು ‘ನೀನು ಸೆಕ್ರೆಟರಿ’ ಎನ್ನುತ್ತಾರೆ. ಸಾಂಸ್ಕೃತಿಕ ಕಾರ್ಯಕ್ರಮದ ದಿನ ಹಾರ ಹಿಡಿದು ನಿಲ್ಲುವುದು ಅವರ ಕೆಲಸ. ಹಾಸ್ಟೆಲಿನ ಊಟದ ಟೆಂಡರ್ ಯಾರಿಗೆ ಹೋಯಿತು ಎಂದು ಕೇಳಲು ಅವರನ್ನು ಯಾರೂ ಆರಿಸಿಲ್ಲ.

ಚುನಾವಣೆ ಎಂದರೆ ಗೂಂಡಾಗಿರಿಯೇ ಎನ್ನುವವರಿಗೆ ಉತ್ತರ ಸಿದ್ಧವಾಗಿ 2006ರಿಂದ ಇದೆ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿಯ ಶಿಫಾರಸುಗಳನ್ನು ಜಾರಿ ಮಾಡಿ ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರುವಂತಿಲ್ಲ. ಶೇ 75 ಹಾಜರಿ ಇರಬೇಕು, ಬಾಕಿ ವಿಷಯಗಳಿರಬಾರದು. ಅಚ್ಚು ಹಾಕಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ, ಅದೂ ಗೊತ್ತು ಮಾಡಿದ ಜಾಗದಲ್ಲಿ. ಹತ್ತು ದಿನದೊಳಗೆ ಎಲ್ಲ ಮುಗಿಯಬೇಕು. ಈ ನಿಯಮಗಳಲ್ಲಿ ಕೆಲವು ವಿಪರೀತ ಬಿಗಿ ಎಂದೂ ನನಗನಿಸುತ್ತದೆ. ಬಡ ಹುಡುಗನಿಗೆ ಒಂದು ವಿಷಯ ಬಾಕಿ ಉಳಿದಿದ್ದರೆ ಅವನ ನಾಯಕತ್ವ ಕಡಿಮೆಯಾಗುವುದಿಲ್ಲ. ಇರಲಿ, ಅಷ್ಟಾದರೂ ಶುರುವಾಗಲಿ. ಈಚೆಗೆ ಸರ್ಕಾರದ ಮಟ್ಟದಲ್ಲಿ ಕ್ಯಾಂಪಸ್ ಚುನಾವಣೆ ಮತ್ತೆ ತರುವ ಮಾತು ಕೇಳಿಬಂದಿದೆ. ಅದು ಮಾತಾಗಿಯೇ ಉಳಿಯಬಾರದು.

ಚುನಾಯಿತ ಸಂಘ ಇಲ್ಲದ ಕಡೆ ಹೋರಾಟ ನಿಲ್ಲುವುದಿಲ್ಲ, ಅದು ಅನಾಥವಾಗುತ್ತದೆ. ಯಾರ ಜೊತೆ ಮಾತಾಡಬೇಕು ಎಂದು ಆಡಳಿತಕ್ಕೂ ಗೊತ್ತಿರುವುದಿಲ್ಲ. ಆಗ ಮುಂದೆ ಕಂಡವನನ್ನು ಹಿಡಿಯುತ್ತಾರೆ, ದುಂಡಗಿನ ಅಕ್ಷರದವನನ್ನು. ‘ಟಿಸಿ ಕೈಗೆ ಕೊಡ್ತೀನಿ’ ಎಂಬುದು ಮೊದಲ ಬೆದರಿಕೆ. ಇಂಟರ್ನಲ್ ಮಾರ್ಕ್ಸ್ ಎರಡನೆಯದು, ಅದನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಹುಡುಗಿಯರ ವಿಷಯದಲ್ಲಿ ಮನೆಗೆ ಹೋಗುವ ಫೋನೊಂದೇ ಸಾಕು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಶುರುವಾದದ್ದು 2003ರಲ್ಲಿ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಮಗಳನ್ನು ಎಂಎವರೆಗೆ ಕಳಿಸುವ ಧೈರ್ಯ ಕೊಟ್ಟ ಜಾಗ ಅಂಥದು. ಅಂಥ ಮನೆಗೆ ‘ನಿಮ್ಮ ಮಗಳು ಧರಣಿಯಲ್ಲಿ ಕೂತಿದ್ದಳು’ ಎಂಬ ಒಂದು ಫೋನು ಬಂದರೆ ಮುಂದಿನ ಸೆಮಿಸ್ಟರಿಗೆ ಹುಡುಗಿ ಬರುವುದಿಲ್ಲ, ಲಗ್ನಪತ್ರಿಕೆ ಬರುತ್ತದೆ. ಫೋನು ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆ ಫೋನನ್ನು ನಾನು ಶಿಸ್ತು ಎಂದು ಕರೆಯಲಾರೆ.

ಸಾಲೋಟಗಿಯ ದೀಪ

ಜನರ ತೆರಿಗೆ ದುಡ್ಡಿನಲ್ಲಿ ಓದುತ್ತಾರೆ, ಸುಮ್ಮನೆ ಓದಲಿ ಎಂಬ ಮಾತು ಬಹಳ ಕೇಳುತ್ತೇವೆ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲೆ ಕೊರೆದಿಟ್ಟಿದೆ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ಅಲ್ಲಿದ್ದ ದೊಡ್ಡ ವಿದ್ಯಾಶಾಲೆಯ ಕತೆ ಹೇಳುತ್ತದೆ. ರಾಜನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ ಅದು. ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿರಲು 27 ಮನೆಗಳಿದ್ದವು. ಮೇಷ್ಟ್ರಿಗೆ ಹೊಲ, ವಿದ್ಯಾರ್ಥಿಗಳ ಊಟಕ್ಕೆ ಹೊಲ, ದೀಪದ ಎಣ್ಣೆಗೆಂದೇ ಬೇರೆ 12 ನಿವರ್ತನ ಹೊಲ. ಅಷ್ಟೇ ಅಲ್ಲ, ಊರಿನ ಬ್ರಾಹ್ಮಣ ಮನೆಗಳಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕಿಂತ ಕಡಿಮೆ ನಾಣ್ಯ ಶಾಲೆಗೆ ಕೊಡಬೇಕು ಎಂಬ ಕಟ್ಟಳೆ ಇತ್ತು.

ಅಲ್ಲಿ ಕಲಿತವರು ಯಾವ ಜಾತಿಯವರು ಎಂದು ಊಹಿಸುವುದು ಕಷ್ಟವಲ್ಲ. ಹೊಲ ಉತ್ತವರ ಮಕ್ಕಳಿಗೆ ಆ 27 ಮನೆಗಳಲ್ಲಿ ಜಾಗ ಇದ್ದಿರಲಾರದು. ಆ ಕೊರತೆಯನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತು ಆ ಕಲ್ಲಿನಿಂದ ತಿಳಿಯುತ್ತದೆ: ಓದುವವರ ರಾತ್ರಿಯ ದೀಪಕ್ಕೆ ಎಣ್ಣೆ ಹೊಯ್ಯುವುದು ಊರಿನ ಕೆಲಸ ಎಂದು ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ತಿಳಿದಿದ್ದರು. ಎಣ್ಣೆ ಕೊಟ್ಟವರು ಓದುವವರ ನಾಲಗೆಯನ್ನೂ ಕೊಂಡುಕೊಂಡೆವು ಎಂದು ಕಲ್ಲಿನಲ್ಲಿ ಬರೆಸಲಿಲ್ಲ. ತರ್ಕ, ವಾದ ಕಲಿಯದ ವಿದ್ವಾಂಸನನ್ನು ಆ ಕಾಲ ವಿದ್ವಾಂಸ ಎಂದು ಒಪ್ಪುತ್ತಲೂ ಇರಲಿಲ್ಲ.

ಅದಾಗಿ ಇನ್ನೂರು ವರ್ಷಕ್ಕೆ ಬಾಗೇವಾಡಿಯ ಹುಡುಗನೊಬ್ಬ ಉಪನಯನದ ಪ್ರಶ್ನೆಗೆ ಮನೆಯನ್ನೇ ಬಿಟ್ಟು, ಓದಲು ಕೂಡಲಸಂಗಮಕ್ಕೆ ನಡೆದ ಕತೆ ನಮ್ಮ ಕಡೆ ಮಗುವಿಗೂ ಗೊತ್ತು. ಅವನ ಹೆಸರನ್ನು ಕಾಲೇಜಿಗಿಟ್ಟಿದ್ದೇವೆ, ಹಾಸ್ಟೆಲಿಗಿಟ್ಟಿದ್ದೇವೆ, ಸಭಾಭವನಕ್ಕಿಟ್ಟಿದ್ದೇವೆ. ಅದೇ ಹಾಸ್ಟೆಲಿನಲ್ಲಿ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದರೆ ಅವನ ಅಪ್ಪನಿಗೆ ಫೋನು ಮಾಡುತ್ತೇವೆ.

ನಾನಿದ್ದ ಹಾಸ್ಟೆಲಿನ ಗೋಡೆಯ ಮೇಲೆ ಅಂಬೇಡ್ಕರರ ಚಿತ್ರ ಇತ್ತು. ಕೆಳಗೆ ನೀಲಿ ಬಣ್ಣದಲ್ಲಿ ಮೂರು ಮಾತು: ಶಿಕ್ಷಣ, ಸಂಘಟನೆ, ಹೋರಾಟ. ಅದರ ಪಕ್ಕದ ಫಲಕಕ್ಕೆ ಪಿನ್ನು ಚುಚ್ಚಿದ ಸುತ್ತೋಲೆಯಲ್ಲಿ ಇದ್ದದ್ದು: ಆವರಣದಲ್ಲಿ ಗುಂಪು ಸೇರುವುದನ್ನು ನಿಷೇಧಿಸಲಾಗಿದೆ.

ಬೂಸಾದ ಪಾಠ

ಹೋರಾಟ ಮಾಡಿದ ವಿದ್ಯಾರ್ಥಿಗಳೆಲ್ಲ ಸರಿ ಎಂದರೆ ಸುಳ್ಳಾಗುತ್ತದೆ. ಈ ಲೇಖನ ಬರೆಯುವಾಗ ನನ್ನನ್ನು ಬಹಳ ಕಾಡಿದ್ದು 1973.

ಆ ವರ್ಷದ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ದಲಿತ ನಾಯಕ ಅವರು. ತನ್ನ ಜನರ ಬದುಕು ಎಲ್ಲಿದೆ ಈ ಸಾಹಿತ್ಯದಲ್ಲಿ ಎಂಬ ಸಿಟ್ಟು ಅದರ ಹಿಂದಿತ್ತು. ಆ ಸಿಟ್ಟಿಗೆ ಉತ್ತರ ಕೊಡುವುದನ್ನು ಬಿಟ್ಟು ಕಾಲೇಜಿನ ಹುಡುಗರು ಬೀದಿಗಿಳಿದರು. ಪ್ರತಿಕೃತಿ ಸುಟ್ಟರು. ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು.

ಅಂದು ಬೀದಿಯಲ್ಲಿದ್ದ ಗುಂಪೂ ವಿದ್ಯಾರ್ಥಿಗಳೇ, ಏಟು ತಿಂದವರೂ ವಿದ್ಯಾರ್ಥಿಗಳೇ. ಒಬ್ಬರು ಮಾತನ್ನು ಮುಚ್ಚಿಸಲು ಹೊರಟಿದ್ದರು, ಇನ್ನೊಬ್ಬರು ಆ ಮಾತಿನ ಹಕ್ಕಿಗೆ ನಿಂತಿದ್ದರು. ಸಂಖ್ಯೆಯಲ್ಲಿ ಕಡಿಮೆಯಿದ್ದ ಈ ಎರಡನೆಯವರ ನಡುವಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥವರು ಆ ಬೆಂಕಿಯಲ್ಲಿ ಬೆಂದು ಬಂದವರು. ಯಾವ ಸಾಹಿತ್ಯ ಬೂಸಾ ಅಲ್ಲವೋ ಅದನ್ನು ಬರೆದು ತೋರಿಸಿದವರು ಅವರೇ. ಕನ್ನಡಕ್ಕೆ ಅದರಿಂದ ಲಾಭವಾಯಿತೇ ಹೊರತು ನಷ್ಟವಾಗಲಿಲ್ಲ.

ಅದಕ್ಕೇ ವಿದ್ಯಾರ್ಥಿ ಚಳವಳಿಯ ಪರ ಮಾತಾಡುವವರು ಒಂದು ಮಾತಿಗೆ ಬದ್ಧರಾಗಬೇಕು. ಘೋಷಣೆ ಕೂಗಿ, ಕಪ್ಪು ಪಟ್ಟಿ ಕಟ್ಟಿ, ಸಭೆ ಮಾಡಿ, ಎದುರು ಭಾಷಣ ಮಾಡಿ. ಬೇರೆಯವರ ಸಭೆಗೆ ಕಲ್ಲು ಹೊಡೆಯಬೇಡಿ. ನನಗೆ ಸೇರದ ಭಾಷಣಕಾರನನ್ನು ನನ್ನ ವಿಶ್ವವಿದ್ಯಾಲಯಕ್ಕೆ ಇನ್ನೊಂದು ಸಂಘಟನೆ ಕರೆಸಿದರೆ ನಾನು ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಬೇಕು. ಇದು ಎಡದವರಿಗೂ ಅನ್ವಯ, ಬಲದವರಿಗೂ ಅನ್ವಯ.

2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದ ಉಡುಪಿಯಿಂದ ನಮ್ಮ ಜಿಲ್ಲೆಗೂ ಬಂತು. ಹುಡುಗಿಯರನ್ನು ಬಾಗಿಲಲ್ಲಿ ತಡೆದರು, ಎದುರಿಗೆ ಕೇಸರಿ ಶಾಲುಗಳು ಬಂದವು, ಕಾಲೇಜಿಗೆ ರಜೆ ಕೊಟ್ಟರು. ಅದೇ ತಿಂಗಳು ಇಂಡಿಯ ಕಾಲೇಜೊಂದರಲ್ಲಿ ಹಣೆಗೆ ತಿಲಕ ಇಟ್ಟುಕೊಂಡು ಬಂದ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿದ್ದೂ ಸುದ್ದಿಯಾಯಿತು. ಹುಡುಗಿಯ ತಲೆಯ ಬಟ್ಟೆಯನ್ನು ತೆಗೆಸಲು ಕೈ ಹಾಕಿದವರು ಹುಡುಗನ ಹಣೆಯವರೆಗೂ ಬಂದೇ ಬರುತ್ತಾರೆ. ಒಬ್ಬರ ಹಕ್ಕು ಕಳೆಯುವಾಗ ಚಪ್ಪಾಳೆ ತಟ್ಟಿದ ಎಲ್ಲರಿಗೂ ಇಂಡಿಯ ಆ ಬಾಗಿಲು ನೆನಪಿರಲಿ.

ಕಾನೂನು ಏನು ಹೇಳುತ್ತದೆ ಎಂಬುದು ಗೊಂದಲದ ವಿಷಯವಲ್ಲ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟಿದೆ, ಅದರ ಮಿತಿಗಳನ್ನೂ ಅಲ್ಲೇ ಬರೆದಿದೆ. ಆ ಮಿತಿಗಳ ಪಟ್ಟಿಯಲ್ಲಿ ವಾರ್ಡನ್ನರ ಸಿಟ್ಟು ಇಲ್ಲ. ಹಿಂಸೆಗೆ ಪ್ರಚೋದಿಸದ ಟೀಕೆ ರಾಜದ್ರೋಹವಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಹೇಳಿತು. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋದ 13 ವರ್ಷದ ಹುಡುಗಿಯ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ ತೀರ್ಪು ಕೊಟ್ಟಿತು. ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಮಕ್ಕಳ ಹಕ್ಕು ಹೊರಗೆ ಉಳಿಯುವುದಿಲ್ಲ ಎಂಬುದು ಅದರ ಸಾರ.

ಕಾನೂನು ಹೀಗಿದ್ದರೂ ನಮ್ಮಲ್ಲಿ ನಡೆದದ್ದು ಬೇರೆ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದ್ದಕ್ಕೆ ರಾಜದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿಯನ್ನೂ ಒಂದು ಮಗುವಿನ ತಾಯಿಯನ್ನೂ ಜೈಲಿಗೆ ಹಾಕಿದರು. ಸಮವಸ್ತ್ರದ ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಸಣ್ಣ ಮಕ್ಕಳನ್ನು ವಿಚಾರಣೆ ಮಾಡಿದರು. ಮೂರು ವರ್ಷ ಕಳೆದು 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ಕೇಸನ್ನು ರದ್ದು ಮಾಡಿತು. ಅದೇ 2020ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರತಿಭಟನೆಯ ಫಲಕ ಹಿಡಿದ ಹಳೆಯ ವಿದ್ಯಾರ್ಥಿನಿಯ ಪರವಾಗಿ, ಹುಬ್ಬಳ್ಳಿಯಲ್ಲಿ ಘೋಷಣೆ ಕೂಗಿದ ಆರೋಪದ ಮೇಲೆ ಬಂಧನವಾದ ಮೂವರು ಕಾಶ್ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರವಾಗಿ ವಕಾಲತ್ತು ಹಾಕುವುದಿಲ್ಲ ಎಂದು ಸ್ಥಳೀಯ ವಕೀಲರ ಸಂಘಗಳು ಠರಾವು ಮಾಡಿದವು. ಹುಬ್ಬಳ್ಳಿಯ ಠರಾವನ್ನು ಹೈಕೋರ್ಟ್ ಕಟುವಾಗಿ ಟೀಕಿಸಿತು. ಆ ಹುಡುಗರ ಮೇಲಿನ ಆರೋಪದ ಘೋಷಣೆಗಳನ್ನು ನಾನು ಒಪ್ಪುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು, ಆರೋಪ ಹೊತ್ತವನ ಪಕ್ಕ ನಿಲ್ಲಲು ಕರಿ ಕೋಟಿನವರೇ ಒಲ್ಲೆ ಎನ್ನುವ ಊರು.

ಕೂಗಿದ್ದರಿಂದ ಬಂದದ್ದು

ವಿದ್ಯಾರ್ಥಿಗಳ ಹೋರಾಟದಿಂದ ಆಗುವುದೇನು ಎಂದು ಕೇಳುವವರಿಗೆ ಹಳೆಯ ಲೆಕ್ಕ ಇದೆ. ಹುಬ್ಬಳ್ಳಿಯಲ್ಲಿ 1942ರ ಆಗಸ್ಟ್‌ನಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಬಾಲಕ. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಆ ಹೆಸರು ಬಂದದ್ದು 1947ರ ಸೆಪ್ಟೆಂಬರ್‌ನ ಮೈಸೂರು ಚಲೋ ಚಳವಳಿಯಲ್ಲಿ ಸತ್ತ ವಿದ್ಯಾರ್ಥಿಯಿಂದ. ಇವರನ್ನು ನೆನೆದು ಹಾರ ಹಾಕುವಾಗ ಯಾರೂ ‘ಓದೋ ಹುಡುಗ್ರಿಗೆ ಇದೆಲ್ಲ ಯಾಕ ಬೇಕಿತ್ತು’ ಎನ್ನುವುದಿಲ್ಲ.

ಈಚಿನ ಮಾತೂ ಇದೆ. ಕಲಬುರ್ಗಿಯವರು ಕುಲಪತಿಯಾಗಿದ್ದ ಹಂಪಿಯ ಅದೇ ವಿಶ್ವವಿದ್ಯಾಲಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಸಂಶೋಧಕರು ತಿಂಗಳುಗಟ್ಟಲೆ ಬಾಕಿ ಉಳಿದ ಫೆಲೋಶಿಪ್ಪಿಗಾಗಿ ಧರಣಿ ಕೂರಬೇಕಾಯಿತು. ಅವರು ಕೇಳಿದ್ದು ತಮ್ಮ ಹೆಸರಿಗೆ ಮಂಜೂರಾದ ಹಣ. 2025ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜು ಪೂರ್ತಿ ಸರ್ಕಾರಿಯೇ ಆಗಬೇಕು, ಖಾಸಗಿ ಸಹಭಾಗಿತ್ವ ಬೇಡ ಎಂದು ತಿಂಗಳುಗಳ ಕಾಲ ಧರಣಿ ನಡೆಯಿತು. ಅಲ್ಲಿ ರೈತರು, ಹೋರಾಟಗಾರರ ಜೊತೆ ವಿದ್ಯಾರ್ಥಿ ಸಂಘಟನೆಗಳ ಮಕ್ಕಳೂ ಇದ್ದರು. ಆ ಕಾಲೇಜು ಆದರೆ ಅದರಲ್ಲಿ ಓದುವವರು ಇವತ್ತು ಮೋರಟಗಿಯ ಶಾಲೆಯಲ್ಲಿ ಏಳನೇ ಇಯತ್ತೆಯಲ್ಲಿರುವ ಮಕ್ಕಳು. ಅವರ ಪರವಾಗಿ ಇವರು ಬಿಸಿಲಲ್ಲಿ ಕೂತಿದ್ದರು.

ತಂದೆ ತಾಯಂದಿರ ಹೆದರಿಕೆ ನನಗೆ ಅರ್ಥವಾಗುತ್ತದೆ. ಎರಡು ಎಕರೆ ಎರೆ ಹೊಲದ ಮೇಲೆ ಸಾಲ ಮಾಡಿ ಮಗನನ್ನು ಕಳಿಸಿದವರು, ಅವನ ಮೇಲೆ ಒಂದು ಎಫ್‌ಐಆರ್ ಬಿದ್ದರೆ ಪೊಲೀಸ್ ಕೆಲಸ, ಮಾಸ್ತರಿಕೆ ಎಲ್ಲ ಹೋಯಿತೆಂದು ಅಂಜುತ್ತಾರೆ. ಪಾರ್ಟಿಯವರು ಹುಡುಗರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ ಎಂಬುದೂ ನಿಜ. ಕೇಸು ಬಿದ್ದ ಮೇಲೆ ಜಾಮೀನಿಗೆ ಹೊಲದ ಉತಾರ ಹಿಡಿದು ಓಡಾಡುವವನು ಅಪ್ಪನೇ ಹೊರತು ಪಾರ್ಟಿಯವನಲ್ಲ. ಈ ಅಂಜಿಕೆಯನ್ನು ಹೇಡಿತನ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅಂಜಿಕೆ ಕಳೆಯುವ ದಾರಿ ಮಕ್ಕಳ ಬಾಯಿ ಮುಚ್ಚಿಸುವುದಲ್ಲ. ಶಾಂತವಾಗಿ ಕೂತ ವಿದ್ಯಾರ್ಥಿಯ ಮೇಲೆ ಕ್ರಿಮಿನಲ್ ಕೇಸು ಹಾಕುವಂತಿಲ್ಲ ಎಂದು ಸರ್ಕಾರ ನಿಯಮ ಮಾಡಲಿ. ಹಾಸ್ಟೆಲಿನ ಊಟದ ಸಮಿತಿಯಲ್ಲಿ, ಶುಲ್ಕ ಗೊತ್ತು ಮಾಡುವ ಸಭೆಯಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ ಕಳಿಸಿದ ಪ್ರತಿನಿಧಿ ಕೂರಲಿ. ಪ್ರವೇಶದ ದಿನ ರ‍್ಯಾಗಿಂಗ್ ಮಾಡುವುದಿಲ್ಲ ಎಂದು ಬರೆಸಿಕೊಳ್ಳುವುದು ಸರಿ, ಅದು ಇನ್ನೊಬ್ಬರ ರಕ್ಷಣೆಗೆ. ಪ್ರತಿಭಟಿಸುವುದಿಲ್ಲ ಎಂದು ಬರೆಸಿಕೊಳ್ಳುವ ಕಾಗದವನ್ನು ಹರಿದು ಹಾಕಲಿ.

ನಮ್ಮ ಅಪ್ಪ ಈಗಿಲ್ಲ. ಆ ಮುಚ್ಚಳಿಕೆಯ ನಂತರ ನಾನು ಹಾಸ್ಟೆಲಿನಲ್ಲಿ ಎರಡು ವರ್ಷ ತಲೆ ಎತ್ತದೆ ಓದಿದೆ, ಪಾಸಾದೆ. ಬೇಳೆಯಲ್ಲಿ ಹುಳ ಹಾಗೇ ಇದ್ದವು. ನನ್ನ ನಂತರ ಬಂದ ಹುಡುಗರೂ ಅದನ್ನೇ ಉಂಡರು. ಆ ಎರಡು ವರ್ಷದ ಮೌನದ ಬಗ್ಗೆ ನನಗೆ ಇವತ್ತೂ ಸಂಕಟ ಇದೆ.

ಈ ಪುಟವನ್ನು ಓದುವ ತಂದೆ ತಾಯಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗ ಲೀಡರ್ ಆಗಿದ್ದಾನೆ, ನಿಮ್ಮ ಮಗಳು ಧರಣಿ ಕೂತಿದ್ದಾಳೆ ಎಂದು ಫೋನು ಬಂದರೆ, ಟವೆಲು ಕೈಗೆ ತೆಗೆದುಕೊಳ್ಳುವ ಮೊದಲು, ತಪ್ಪಾಗೇತಿ ಎನ್ನುವ ಮೊದಲು, ನಿಮ್ಮ ಮಕ್ಕಳನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿ: ‘ಖರೇ ಏನು?’ ಖರೇ ಎಂದರೆ, ಆ ಕಾಗದಕ್ಕೆ ಸಹಿ ಮಾಡಬೇಡಿ.